ಹುಡುಗಿಯರು ಪಾತ್ರಕ್ಕಷ್ಟೇ ಸಾಕೇ?

ಯುವಜನೋತ್ಸವದ ಏಕಾಂಕ ನಾಟಕ ಸ್ಪರ್ಧೆ ನೋಡಿದವರು ಒಮ್ಮೆ ನೆನಪು ಮಾಡಿಕೊಳ್ಳಿ. ನಾಟಕ ಮುಗಿಯುತ್ತದೆ, ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ಪಾತ್ರಧಾರಿಗಳ ಹೆಸರು ಓದುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಹುಡುಗಿಯರು. ಆಮೇಲೆ ಬೆಳಕು, ಸಂಗೀತ, ರಂಗಸಜ್ಜಿಕೆ. ಕೊನೆಗೆ ಮೈಕಿನಲ್ಲಿ ‘ನಿರ್ದೇಶನ’ ಎಂದು ಕೂಗಿದಾಗ ಮುಂದೆ ಬಂದು ಕೈ ಮುಗಿಯುವವರು ಯಾರು? ಪದವಿ, ಎಂ.ಎ. ಸೇರಿ ಧಾರವಾಡದಲ್ಲಿ ನಾನು ಐದು ವರ್ಷ ಓದಿದ್ದೇನೆ. ಆ ಐದು ವರ್ಷದಲ್ಲಿ ನಾನು ನೋಡಿದ ಕಾಲೇಜು ನಾಟಕಗಳಲ್ಲಿ ಹಾಗೆ ಮುಂದೆ ಬಂದ ಹುಡುಗಿ ಒಬ್ಬಳೂ ಇರಲಿಲ್ಲ.

ಇದು ನಾಟಕದವರ ಸಣ್ಣ ದೂರು, ನಮಗೇನು ಎಂದು ಪುಟ ತಿರುಗಿಸಬೇಡಿ. ಸಪ್ತಾಪುರದ ಯಾವುದೋ ಪಿ.ಜಿ.ಯಲ್ಲಿ ಕುಳಿತು ಪಿಡಿಒ, ಎಫ್‌ಡಿಎ ಎಂದು ಓದುತ್ತಿರುವ ನನ್ನಂಥವರಿಗೂ ಇದು ಸಂಬಂಧಪಟ್ಟಿದ್ದೇ. ಕರೆದಾಗ ಹೋಗಿ ಹೇಳಿದ್ದನ್ನು ಚೆನ್ನಾಗಿ ಮಾಡಿ ಬರುವುದು ಒಂದು ಬಗೆಯ ಕೆಲಸ. ಏನು ಮಾಡಬೇಕು ಎಂದು ತಾನೇ ತೀರ್ಮಾನಿಸಿ ಹತ್ತು ಜನರಿಂದ ಮಾಡಿಸುವುದು ಇನ್ನೊಂದು ಬಗೆಯದು. ಹುಡುಗಿಯರಿಗೆ ಮೊದಲನೆಯದನ್ನು ಪ್ರೀತಿಯಿಂದ ಕಲಿಸುತ್ತೇವೆ. ಎರಡನೆಯದನ್ನು ಕಲಿಸುವುದಿಲ್ಲ. ಕಲಿಸದೆ, ‘ಅವರಿಗೆ ಆ ಕಡೆ ಆಸಕ್ತಿ ಇಲ್ಲ’ ಎಂದೂ ಸೇರಿಸಿಬಿಡುತ್ತೇವೆ.

ಆಸಕ್ತಿ ಇಲ್ಲವೆನ್ನುವವರು ಬಿ. ಜಯಶ್ರೀ ಅವರ ವೃತ್ತಿಜೀವನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ವಯಸ್ಸಿನವರಿಗೆ ಅವರು ಗೊತ್ತಿರುವುದು ಹೆಚ್ಚಾಗಿ ದನಿಯಿಂದ. 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ಆ ಕಾರಿನ ಹಾಡು ಹಾಡಿದವರು ಅವರೇ. ಇನ್ನು ಕೆಲವರಿಗೆ ‘ನಾಗಮಂಡಲ’ದ ಕುರುಡವ್ವನಾಗಿ ಗೊತ್ತು. ಆದರೆ ರಂಗಭೂಮಿಯವರ ನಡುವೆ ಅವರ ಹೆಸರು ಹೇಳಿದರೆ ಮೊದಲು ಬರುವ ಮಾತು ‘ಸ್ಪಂದನ’, ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’. ಅಂದರೆ ಅವರು ನಟಿಸಿದ್ದಕ್ಕಿಂತ ಕಟ್ಟಿದ್ದು, ಮಾಡಿಸಿದ್ದು.

ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಮಾಲತಮ್ಮ ಕೂಡ ಕಂಪನಿಯ ಕಲಾವಿದೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು. ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದ ಕಂಪನಿ ಅದು. ಅಲ್ಲಿ ಮಗುವಾಗಿದ್ದಾಗಲೇ ಬಣ್ಣ ಹಚ್ಚಿದ ಹುಡುಗಿ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದಳು. ಇಬ್ರಾಹಿಂ ಅಲ್ಕಾಜಿ ಅಲ್ಲಿನ ಮುಖ್ಯಸ್ಥರಾಗಿದ್ದ ಕಾಲ. 1973ರಲ್ಲಿ ಪದವಿ ಮುಗಿಸಿ ಬಂದರು.

ಇಲ್ಲಿಗೆ ಬಂದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಗುಬ್ಬಿ ವೀರಣ್ಣನ ಮೊಮ್ಮಗಳು ಅಂದಮ್ಯಾಲ ಆಕಿಗೇನ್ ಕಡಿಮಿ?’ ನನ್ನ ಗೆಳತಿಯೊಬ್ಬಳು ಇದೇ ಮಾತು ಹೇಳಿ ನನ್ನ ಬಾಯಿ ಮುಚ್ಚಿಸಲು ನೋಡಿದ್ದಳು. ಮನೆತನದಿಂದ ಏನೂ ಸಿಗಲಿಲ್ಲ ಎಂದು ನಾನು ಹೇಳುವುದಿಲ್ಲ. ಹಾಡು ಸಿಕ್ಕಿತು, ರಂಗದ ಮೇಲೆ ನಿಲ್ಲುವ ಧೈರ್ಯ ಸಿಕ್ಕಿತು. ಆದರೆ ಎಪ್ಪತ್ತರ ದಶಕದ ಹೊತ್ತಿಗೆ ಕಂಪನಿ ನಾಟಕದ ವೈಭವ ಇಳಿಯುತ್ತಿತ್ತು. ಬೆಂಗಳೂರಿನಲ್ಲಿ ಬೇರೊಂದು ಗಾಳಿ ಬೀಸುತ್ತಿತ್ತು. ಹೊಸ ನಾಟಕ ಮಾಡುವವರಿಗೆ ಕಂಪನಿಯ ಹಾಡು, ಅಬ್ಬರ, ದೊಡ್ಡ ಪರದೆಗಳು ಹಳೆಯ ಸಾಮಾನಿನಂತೆ ಕಾಣುತ್ತಿದ್ದ ಕಾಲ. ಆ ಹೊತ್ತಿನಲ್ಲಿ ಅಜ್ಜನ ಹೆಸರು ಹೇಳಿಕೊಂಡು ಯಾರೂ ನಿರ್ದೇಶಕಿಯಾಗಲು ಆಗುತ್ತಿರಲಿಲ್ಲ. ಅವರು 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ಕಂಪನಿಯ ಹಾಡುಗಾರಿಕೆ, ಜನಪದದ ಮಟ್ಟು, ನಾಟಕ ಶಾಲೆಯ ಶಿಸ್ತು, ಮೂರನ್ನೂ ಒಂದೇ ರಂಗದ ಮೇಲೆ ಕೂಡಿಸಿದರು. ಆಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ನಾವು ಮೊದಲ ಪ್ರಿಲಿಮ್ಸ್ ಬರೆಯುವ ವಯಸ್ಸು!

ನನಗೆ ಅವರ ಬದುಕಿನಲ್ಲಿ ತುಂಬ ಹಿಡಿಸಿದ ಭಾಗ ಪ್ರಶಸ್ತಿಗಳದ್ದಲ್ಲ. 1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರ ಪದ್ಮಶ್ರೀ, ಇವೆಲ್ಲ ಜನರಲ್ ನಾಲೆಜ್ ಪುಸ್ತಕದಲ್ಲಿ ಸಿಗುತ್ತವೆ. ಹಿಡಿಸಿದ್ದು ಡಬ್ಬಿಂಗ್. ಮಾಧವಿ, ಜಯಪ್ರದಾ ಮೊದಲಾದ ನಾಯಕಿಯರಿಗೆ ಕನ್ನಡದಲ್ಲಿ ದನಿ ಕೊಟ್ಟವರು ಜಯಶ್ರೀ. ಪರದೆಯ ಮೇಲೆ ಮುಖ ಒಬ್ಬರದು, ಮಾತು ಇವರದು. ನಾವು ಟಿ.ವಿ.ಯಲ್ಲಿ ನೋಡುತ್ತ ಆ ನಾಯಕಿ ಎಷ್ಟು ಚಂದ ಕನ್ನಡ ಮಾತಾಡುತ್ತಾಳೆ ಎಂದುಕೊಳ್ಳುತ್ತೇವೆ. ಹೆಸರಿಲ್ಲದ ಕೆಲಸ. ಆದರೆ ನಾಟಕ ಹೊಟ್ಟೆ ತುಂಬಿಸುವುದಿಲ್ಲ ಎಂದು ಗೊತ್ತಿದ್ದವರಿಗೆ ಇಂಥ ಕೆಲಸದ ಬೆಲೆ ಗೊತ್ತಿರುತ್ತದೆ. ಇನ್ನೊಬ್ಬರ ತುಟಿಯ ಅಲುಗಾಟಕ್ಕೆ ಸರಿಯಾಗಿ ತನ್ನ ಉಸಿರು ಹೊಂದಿಸುವುದೆಂದರೆ ಅಭಿನಯವನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು. ಒಂದು ಮಾತು ಎಲ್ಲಿ ಏಳಬೇಕು, ಎಲ್ಲಿ ಬೀಳಬೇಕು ಎಂದು ಅಷ್ಟು ಹತ್ತಿರದಿಂದ ನೋಡಿದವರು ತಾಲೀಮಿನಲ್ಲಿ ಒಬ್ಬ ಹೊಸ ಹುಡುಗನಿಗೆ ‘ಇಲ್ಲಿ ನಿಲ್ಲಿಸು’ ಎಂದರೆ ಅದಕ್ಕೆ ತೂಕ ಇರುತ್ತದೆ.

ನಿರ್ದೇಶಕಿಯಾಗುವುದೆಂದರೆ ನಟಿಯಾಗಿದ್ದಾಕೆಗೆ ವಯಸ್ಸಾದ ಮೇಲೆ ಸಿಗುವ ಬಡ್ತಿ ಎಂದು ನಮ್ಮಲ್ಲಿ ತುಂಬ ಜನ ತಿಳಿದಿದ್ದಾರೆ. ನಾಯಕಿ ಪಾತ್ರ ಸಿಗುವುದು ನಿಂತ ಮೇಲೆ ಅಮ್ಮನ ಪಾತ್ರ, ಅದೂ ನಿಂತ ಮೇಲೆ ನಿರ್ದೇಶನ. ಜಯಶ್ರೀ ಅವರ ಲೆಕ್ಕ ಹಾಗಿಲ್ಲ. ನಟನೆ, ಹಾಡು, ಡಬ್ಬಿಂಗ್, ನಿರ್ದೇಶನ ಎಲ್ಲವೂ ಒಟ್ಟೊಟ್ಟಿಗೆ ನಡೆದವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲಿಲ್ಲ. ‘ಒಂದ ಲೈನ್ ಹಿಡೀಬೇಕವಾ, ಹತ್ತ ಕಡಿ ಕಾಲ ಇಟ್ರ ಎಲ್ಲೂ ನಿಲ್ಲೂದಿಲ್ಲ’ ಎಂದು ನಮಗೆ ಮನೆಯಲ್ಲೂ ಕೋಚಿಂಗ್ ಕ್ಲಾಸಿನಲ್ಲೂ ಹೇಳುವವರು ಈ ವೃತ್ತಿಜೀವನವನ್ನು ಯಾವ ಲೈನಿಗೆ ಸೇರಿಸುತ್ತಾರೋ ನೋಡಬೇಕು.

ನಮ್ಮ ಕಡೆಯವರಿಗೆ ಇನ್ನೂ ಒಂದು ಕಾರಣಕ್ಕೆ ಅವರು ಹತ್ತಿರ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಬೆಳಗಾವಿ ಕಡೆಯ ಮಾತಿನಲ್ಲಿರುವ ಕಾದಂಬರಿ. ಅದನ್ನು ರಂಗಕ್ಕೆ ತಂದು ನಿರ್ದೇಶಿಸಿದವರು ಜಯಶ್ರೀ. ನಾಗಮಂಡಲ ಸಿನಿಮಾ ಆದದ್ದು 1997ರಲ್ಲಿ, ಟಿ.ಎಸ್. ನಾಗಾಭರಣ ಅವರ ನಿರ್ದೇಶನ. ನಾಟಕ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರದು, ಹಾಡು ಬರೆದವರು ನಮ್ಮ ಕಡೆಯ ಗೋಪಾಲ ವಾಜಪೇಯಿ. ಅದರಲ್ಲಿ ಕುರುಡವ್ವ ಬಾಯಿ ತೆರೆದರೆ ನಮ್ಮ ಓಣಿಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಮಾತಾಡಿದಂತೆ ಇರುತ್ತದೆ. ಉತ್ತರ ಕರ್ನಾಟಕದ ಮಾತೆಂದರೆ ಈಗಿನ ಸಿನಿಮಾ, ಸೀರಿಯಲ್ಲುಗಳಲ್ಲಿ ನಗಿಸಲಿಕ್ಕೆ ಮಾತ್ರ. ಬೈಗುಳ ಇಲ್ಲವೇ ಬೆಪ್ಪುತನ. ಆ ಮಾತಿನಲ್ಲಿ ದುಃಖವೂ ಇದೆ, ಜಾಣತನವೂ ಇದೆ ಎಂದು ನಮ್ಮವರಲ್ಲದ ಒಬ್ಬ ಕಲಾವಿದೆ ತೋರಿಸಬೇಕಾಯಿತು. ಯಾವ ಮಾತು ರಂಗದ ಮೇಲೆ ಬರಬೇಕು, ಹೇಗೆ ಬರಬೇಕು ಎಂದು ತೀರ್ಮಾನಿಸುವುದು ನಿರ್ದೇಶಕರು. ಆ ಜಾಗಕ್ಕೆ ಯಾರು ಹೋಗುತ್ತಾರೆ ಎನ್ನುವುದು ಅದಕ್ಕೇ ಮುಖ್ಯ.

ಮನೆತನದ ಮಾತು ಇನ್ನೂ ಒಪ್ಪದವರಿಗೆ ಪ್ರೇಮಾ ಕಾರಂತರ ಹೆಸರು ಹೇಳುತ್ತೇನೆ. ಅವರಿಗೆ ಅಂಥ ಯಾವ ಕಂಪನಿಯೂ ಇರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಬಿ.ವಿ. ಕಾರಂತರನ್ನು ಮದುವೆಯಾದ ಮೇಲೆ, ಬದುಕಿನ ಅರ್ಧ ದಾರಿಯಲ್ಲಿ, ತಾವೂ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿನಿಯಾದರು. ನಾಟಕಗಳಿಗೆ, ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದರು. ಮಕ್ಕಳ ರಂಗಭೂಮಿ ಕಟ್ಟಿದರು. ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ವನ್ನು ಸಿನಿಮಾ ಮಾಡಿದಾಗ ಅವರು ನಲವತ್ತರ ಮಧ್ಯ ದಾಟಿದ್ದರು. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣುಮಗಳ ಕಥೆ, ರಾಷ್ಟ್ರಪ್ರಶಸ್ತಿ ಬಂತು. ಇಪ್ಪತ್ತಾರಕ್ಕೆ ‘ಏಜ್ ಆಯ್ತು’ ಎಂದು ತಲೆ ಮೇಲೆ ಕೈ ಹೊತ್ತು ಕೂರುವ ನಮ್ಮ ಸ್ಟಡಿ ಸರ್ಕಲ್ಲಿನ ಗೆಳತಿಯರಿಗೆ ಈ ವಯಸ್ಸನ್ನು ನಾನು ಆಗಾಗ ನೆನಪಿಸುತ್ತಿರುತ್ತೇನೆ. ನೇಮಕಾತಿಯ ವಯೋಮಿತಿ ಸರ್ಕಾರದ್ದು, ಸರಿ. ಎಲ್ಲದಕ್ಕೂ ಅದನ್ನೇ ಹಚ್ಚಿಕೊಳ್ಳುವುದು ನಮ್ಮದು.

ಹಾಗೆಯೇ ಮೈಸೂರಿನ ಆರ್. ನಾಗರತ್ನಮ್ಮ. 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ರಾವಣರಂಥ ಪಾತ್ರಗಳಿಗೆ ಸ್ವತಃ ಮೀಸೆ ಹಚ್ಚಿ ಗದೆ ಹಿಡಿದು ನಿಂತರು. ಗಂಡಸರು ಹೆಣ್ಣುವೇಷ ಹಾಕಿದರೆ ಕಲೆ ಎಂದು ಮೆಚ್ಚುತ್ತಿದ್ದ ನಾಡಿನಲ್ಲಿ ಆ ಲೆಕ್ಕವನ್ನು ತಿರುಗಿಸಿ ಹಾಕಿದ್ದು ಸಣ್ಣ ಮಾತಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ನಿಂತ ಕಂಪನಿ ಟೆಂಟುಗಳ ಮುಂದೆ ನಟಿಯರ ದೊಡ್ಡ ದೊಡ್ಡ ಫೋಟೋ ನೋಡುವಾಗಲೆಲ್ಲ ನನಗೆ ನಾಗರತ್ನಮ್ಮ ನೆನಪಾಗುತ್ತಾರೆ. ಫೋಟೋ ಹೆಂಗಸರದು, ಗಲ್ಲಾ ಪೆಟ್ಟಿಗೆ ಯಾರದು ಎಂದು ಕೇಳಬೇಕೆನಿಸುತ್ತದೆ.

ಹೊರದೇಶದಲ್ಲಿ ಇದೆಲ್ಲ ಸಲೀಸು ಎಂದೂ ತಿಳಿಯಬೇಕಿಲ್ಲ. ಇಡಾ ಲುಪಿನೊ ಎಂಬ ನಟಿ 1918ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಅವರದೂ ತಲೆತಲಾಂತರದಿಂದ ರಂಗದ ಮೇಲೆ ಬದುಕಿದ ಮನೆತನ, ಥೇಟ್ ಗುಬ್ಬಿ ಮನೆತನದಂತೆ. ಹಾಲಿವುಡ್ಡಿಗೆ ಹೋಗಿ ಹೆಸರು ಮಾಡಿದರು. ಕೊಟ್ಟ ಪಾತ್ರ ಬೇಡವೆಂದಾಗ ಸ್ಟುಡಿಯೋದವರು ಅವರನ್ನು ಸಸ್ಪೆಂಡ್ ಮಾಡುತ್ತಿದ್ದರು. ಆ ಬಿಡುವಿನಲ್ಲಿ ಅವರು ಮನೆಯಲ್ಲಿ ಅಳುತ್ತ ಕೂರಲಿಲ್ಲ, ಸೆಟ್ಟಿಗೆ ಹೋಗಿ ನಿರ್ದೇಶಕರು ಹೇಗೆ ಕೆಲಸ ಮಾಡುತ್ತಾರೆ ಎಂದು ನೋಡುತ್ತ ನಿಂತರು. 1949ರಲ್ಲಿ ತಮ್ಮದೇ ನಿರ್ಮಾಣದ ‘ನಾಟ್ ವಾಂಟೆಡ್’ ಚಿತ್ರದ ನಿರ್ದೇಶಕ ಎಲ್ಮರ್ ಕ್ಲಿಫ್ಟನ್ ಅವರಿಗೆ ಚಿತ್ರೀಕರಣ ಶುರುವಾದ ಕೆಲವೇ ದಿನಗಳಲ್ಲಿ ಹೃದಯಾಘಾತವಾಯಿತು. ಉಳಿದ ಸಿನಿಮಾವನ್ನು ಲುಪಿನೊ ಮುಗಿಸಿದರು. ಆದರೆ ನಿರ್ದೇಶನ ಎಂದು ಹೆಸರು ಬಂದದ್ದು ಕ್ಲಿಫ್ಟನ್ ಅವರದೇ. ಮುಂದೆ ತಮ್ಮ ಹೆಸರಿನಲ್ಲೇ ಹಲವು ಚಿತ್ರ ಮಾಡಿದರು. 1953ರ ‘ದಿ ಹಿಚ್‌ಹೈಕರ್’ ಇವತ್ತಿಗೂ ನೋಡುವಂತಿದೆ. ಮೂರೇ ಗಂಡಸರು, ಒಂದು ಕಾರು, ಒಂದು ಪಿಸ್ತೂಲು. ಸೆಟ್ಟಿನಲ್ಲಿ ಅವರ ಕುರ್ಚಿಯ ಬೆನ್ನಿಗೆ ‘ನಮ್ಮೆಲ್ಲರ ತಾಯಿ’ ಎಂಬ ಅರ್ಥದ ಬರಹ ಇತ್ತಂತೆ. ಅಪ್ಪಣೆ ಕೊಡುವ ಹೆಣ್ಣು ಗಂಡಸರಿಗೆ ಹಿಡಿಸಬೇಕಾದರೆ ಅಲ್ಲೂ ತಾಯಿಯೇ ಆಗಬೇಕಾಯಿತೇನೋ!

ಹೆಸರಿಲ್ಲದೆ ಮುಗಿಸಿದ ಆ ಸಿನಿಮಾದ ಕಥೆ ಓದಿದಾಗ ನನಗೆ ನನ್ನ ಸೀನಿಯರ್ ಅಕ್ಕ ಒಬ್ಬಳು ಕಣ್ಣ ಮುಂದೆ ಬಂದಳು. ನಮ್ಮ ನಾಟಕಕ್ಕೆ ಹೊರಗಿನಿಂದ ಒಬ್ಬರು ನಿರ್ದೇಶಕರನ್ನು ಕರೆಸಿದ್ದರು. ಅವರು ಮೊದಲ ವಾರ ಬಂದರು, ಆಮೇಲೆ ಬೇರೆ ಕೆಲಸವೆಂದು ಮಾಯವಾದರು. ಹದಿನೆಂಟು ದಿನ ತಾಲೀಮು ನಡೆಸಿದವಳು ಅಕ್ಕ. ಮಾತು ಕತ್ತರಿಸಿದ್ದು ಅವಳು, ಜಗಳ ಬಿಡಿಸಿದ್ದು ಅವಳು, ಹೊಸ ಎಲ್‌ಇಡಿ ದೀಪ ತರಲು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದದ್ದೂ ಅವಳೇ. ಸ್ಪರ್ಧೆಯ ಹಿಂದಿನ ದಿನ ನಿರ್ದೇಶಕರು ಬಂದು ಕುರ್ಚಿಯಲ್ಲಿ ಕುಳಿತರು. ಬಹುಮಾನ ಬಂತು. ಸರ್ಟಿಫಿಕೇಟಿನಲ್ಲಿ ನಿರ್ದೇಶನ ಅವರದು, ಅಕ್ಕನದು ‘ಸಹಾಯ’. ಅವಳು ನಕ್ಕು ಸುಮ್ಮನಾದಳು. ನಮಗೆ ನಗು ಬರಲಿಲ್ಲ.

ಅವಳಿಗೆ ಅನ್ಯಾಯವಾಯಿತು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಮುಂದಿನ ವರ್ಷ ನಾಟಕವನ್ನು ಹುಡುಗಿಯೊಬ್ಬಳಿಗೇ ಪೂರ್ತಿ ವಹಿಸಿ ಎಂದರೆ ಕಾರಣಗಳು ಸಾಲುಗಟ್ಟುತ್ತವೆ. ತಾಲೀಮು ರಾತ್ರಿಯಾಗುತ್ತದೆ. ಹಾಸ್ಟೆಲ್ ಗೇಟು ಮುಚ್ಚುತ್ತದೆ. ಹಾಲ್‌ನ ಕೀಲಿ ಹುಡುಗಿಯ ಕೈಗೆ ಕೊಡುವುದು ಹೇಗೆ? ಹುಡುಗರು ಅವಳ ಮಾತು ಕೇಳುತ್ತಾರಾ? ನನ್ನ ಅಪ್ಪನೂ ಇದೇ ಸಾಲಿನವರು. ‘ಪಾರ್ಟ್ ಮಾಡ್ತಿ ಮಾಡವಾ, ಬ್ಯಾಡ ಅನ್ನೂದಿಲ್ಲ. ಹತ್ತ ಹುಡುಗೂರನ್ನ ಕಟಗೊಂಡು ನಾಟಕ ಮಾಡ್ಸೋ ಉಸಾಬರಿ ನಿನಗ ಯಾಕ?’ ಅಪ್ಪ ಕೆಟ್ಟವರಲ್ಲ. ನಾನು ಪಾತ್ರ ಮಾಡಿದಾಗ ಊರಿಂದ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕುಳಿತವರು. ರಂಗದ ಮೇಲೆ ಮಗಳು ಅತ್ತರೆ ಅವರಿಗೂ ಕಣ್ಣೀರು. ಆದರೆ ಅದೇ ಮಗಳು ಕೆಳಗೆ ನಿಂತು ಒಬ್ಬ ಹುಡುಗನಿಗೆ ‘ನೀ ಸರಿ ಮಾಡಾಕತ್ತಿಲ್ಲ, ಇನ್ನೊಮ್ಮೆ ಮಾಡು’ ಎನ್ನುವುದು ಅವರಿಗೆ ಯಾಕೋ ಇರುಸುಮುರುಸು. ಪಾತ್ರ ಮಾಡುವ ಹುಡುಗಿಯನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ಸಮಾಧಾನ ಅವರಿಗೆ. ಮಾಡಿಸುವ ಹುಡುಗಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಅವಳೇ ಎಲ್ಲರನ್ನೂ ನೋಡಿಕೊಳ್ಳಬೇಕು.

ಈ ಕಾರಣಗಳಲ್ಲಿ ಕೆಲವು ಸುಳ್ಳಲ್ಲ. ಆದರೆ ಪರಿಹಾರ ಇಲ್ಲದವೂ ಅಲ್ಲ. ತಾಲೀಮನ್ನು ರಾತ್ರಿ ಎಂಟರ ಬದಲು ಮಧ್ಯಾಹ್ನ ಮೂರಕ್ಕೆ ಇಡಬಹುದು. ಕಬಡ್ಡಿ ತಂಡಕ್ಕೆ ಹಾಜರಾತಿ ಕೊಡುವ ಕಾಲೇಜು ನಾಟಕಕ್ಕೂ ಕೊಡಬಹುದು. ಹೊರಗಿನ ನಿರ್ದೇಶಕರಿಗೆ ಕೊಡುವ ಸಂಭಾವನೆಯಲ್ಲೇ ಒಂದು ವಾರದ ಕಾರ್ಯಾಗಾರ ಮಾಡಿಸಿ, ನಾಟಕವನ್ನು ವಿದ್ಯಾರ್ಥಿಗಳಿಗೇ ಬಿಡಬಹುದು. ಧಾರವಾಡದಲ್ಲೇ ರಂಗಾಯಣ ಇದೆ, ಕಲಿಸುವವರಿಗೆ ಬರವಿಲ್ಲ. ಮೂರು ವರ್ಷ ಪಾತ್ರ ಮಾಡಿದ ಹುಡುಗಿಗೆ ನಾಲ್ಕನೆಯ ವರ್ಷ ಹದಿನೈದು ನಿಮಿಷದ ಒಂದು ಪ್ರಹಸನವನ್ನಾದರೂ ವಹಿಸಿ ನೋಡಿ. ಕೆಟ್ಟರೆ ಕೆಡಲಿ. ಹುಡುಗರು ನಿರ್ದೇಶಿಸಿದ ಎಷ್ಟು ನಾಟಕ ಕೆಟ್ಟಿಲ್ಲ? ನಾನೇ ಕುಳಿತು ನೋಡಿ ಆಕಳಿಸಿದ್ದೇನೆ.

ಹುಡುಗಿಯರಿಗೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಪಾತ್ರ ಸಿಕ್ಕರೆ ಸಾಕು. ಬಣ್ಣ, ಸೀರೆ, ಫೋಟೋ, ಇನ್‌ಸ್ಟಾಗ್ರಾಂ. ಬೆಳಕಿನ ಹುಡುಗ ಏನು ಮಾಡುತ್ತಾನೆ, ರಂಗಸಜ್ಜಿಕೆಗೆ ಎಷ್ಟು ಖರ್ಚಾಯಿತು, ಹಾಲ್ ಬುಕ್ ಮಾಡಲು ಯಾರಿಗೆ ಅರ್ಜಿ ಕೊಡಬೇಕು ಎಂದು ಕೇಳುವವರು ಕಡಿಮೆ. ಜಯಶ್ರೀ, ಪ್ರೇಮಾ ಕಾರಂತ ಇಬ್ಬರೂ ತಮ್ಮದಲ್ಲದ ಕೆಲಸ ಎಂದು ಬಹುಶಃ ಯಾವುದನ್ನೂ ಬಿಡಲಿಲ್ಲ. ಒಬ್ಬರು ಬೇರೆಯವರ ಮುಖಕ್ಕೆ ದನಿ ಕೊಟ್ಟರು, ಇನ್ನೊಬ್ಬರು ಬೇರೆಯವರ ಮೈಗೆ ಬಟ್ಟೆ ಹೊಂದಿಸಿದರು. ಆ ದಾರಿಯಲ್ಲೇ ನಿರ್ದೇಶನಕ್ಕೆ ಬಂದರು.

ನಾಟಕವನ್ನೇ ಹಿಡಿಯುವ ಹುಚ್ಚಿದ್ದವರಿಗೆ ದಾರಿ ಇಲ್ಲವೆಂದಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಸಾಣೇಹಳ್ಳಿಯಲ್ಲಿ ಶಾಲೆ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಯಾವುದೇ ವಿಷಯದ ಪದವಿ ನಡೆಯುತ್ತದೆ, ಜೊತೆಗೆ ನಾಟಕ ಮಾಡಿದ ಅನುಭವ ಬೇಕು. ಅರ್ಜಿಯ ಪ್ರಕಟಣೆಯನ್ನು ಪಿಎಸ್‌ಐ ನೋಟಿಫಿಕೇಶನ್ ಕಾದಂತೆ ಕಾದು ನೋಡಿ. ಅಲ್ಲಿಂದ ಬಂದವರಿಗೆಲ್ಲ ಸಂಬಳದ ನೌಕರಿ ಕಾದಿರುತ್ತದೆ ಎಂದು ನಾನು ಹೇಳಿದರೆ ಅದು ಮೋಸ. ನಾನೂ ಎಫ್‌ಡಿಎಗೆ ಓದುತ್ತಲೇ ಇದ್ದೇನೆ, ಬಿಟ್ಟಿಲ್ಲ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಲೈಬ್ರರಿ. ಮಧ್ಯಾಹ್ನ ಗಣಿತ, ಅದು ನನಗೆ ತಲೆನೋವು.

ಸಂಜೆ ನಾಲ್ಕಕ್ಕೆ ನಾವು ಒಂಬತ್ತು ಜನ ಸೇರುತ್ತಿದ್ದೇವೆ. ಐವರು ಹುಡುಗಿಯರು, ನಾಲ್ವರು ಹುಡುಗರು, ಎಲ್ಲರೂ ಯಾವುದಾದರೊಂದು ಪರೀಕ್ಷೆಗೆ ಓದುವವರೇ. ಒಂದು ಸಣ್ಣ ನಾಟಕ ತಯಾರಾಗುತ್ತಿದೆ. ನಿರ್ದೇಶನ ನನ್ನದು. ಮೊದಲ ವಾರ ಒಬ್ಬ ಹುಡುಗ ಪ್ರತಿ ಸಲವೂ ನನ್ನ ಮಾತು ಕೇಳಿ ಪಕ್ಕದವನ ಮುಖ ನೋಡುತ್ತಿದ್ದ, ಅವನು ತಲೆಯಾಡಿಸಿದರೆ ಮಾತ್ರ ಮಾಡುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಪಕ್ಕದವನೇ, ‘ನನ್ ಮಾರಿ ಏನ್ ನೋಡ್ತಿ, ಆಕೀ ಹೇಳ್ಯಾಳಲ್ಲ’ ಎಂದ. ಹಾಲ್‌ನ ಬಾಡಿಗೆಗೆ ತಲೆಗೆ ಇನ್ನೂರರಂತೆ ಪಟ್ಟಿ ಎತ್ತಿದ್ದೇವೆ, ಇನ್ನೂ ಸಾಲದು. ದೀಪಗಳನ್ನು ಯಾರಾದರೂ ಕಡಿಮೆ ಬಾಡಿಗೆಗೆ ಕೊಡುವವರಿದ್ದರೆ ಹುಡುಕುತ್ತಿದ್ದೇವೆ. ಅಪ್ಪನಿಗೆ ತಾರೀಖು ತಿಳಿಸಿದ್ದೇನೆ. ‘ನಿಂದೇನ್ ಪಾರ್ಟ್ ಐತಿ?’ ಎಂದು ಕೇಳಿದರು. ಪಾರ್ಟ್ ಇಲ್ಲ, ಮಾಡಿಸೋದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದರು.